ಬಳಕೆದಾರ ಕೇಂದ್ರಿತ ಮತ್ತು ಚಟುವಟಿಕೆ ಕೇಂದ್ರಿತ ವಿನ್ಯಾಸ

ಬಳಕೆದಾರ ಕೇಂದ್ರಿತ ವಿನ್ಯಾಸ ಮತ್ತು ಚಟುವಟಿಕೆ ಕೇಂದ್ರಿತ ವಿನ್ಯಾಸಗಳು ಗಣಕಯಂತ್ರದಂತಹ ಸಾಧನಗಳೊಡನೆ ಮನುಷ್ಯರ ವ್ಯವಹಾರವನ್ನು ರೂಪಿಸುವ ಅಂತರಕ್ರಿಯಾ ವಿನ್ಯಾಸದ ಎರಡು ವಿಧಾನಗಳು. ಮೊದಲನೆಯದು ಬಳಸುವವರ ಅಗತ್ಯ, ಅಭ್ಯಾಸ ಹಾಗೂ ಪೂರ್ವಪರಿಚಯವನ್ನು ಆಧರಿಸಿದರೆ, ಎರಡನೆಯದು ಮಾಡಬೇಕಾದ ಕೆಲಸದ ಸ್ವರೂಪ ಮತ್ತು ಹಂತಗಳನ್ನು ಆಧರಿಸುತ್ತದೆ. ಮೊದಲ ವಿಧಾನದ ಪ್ರತಿಪಾದಕರಾಗಿದ್ದ ಡೊನಾಲ್ಡ್ ನಾರ್ಮನ್ 2005ರಲ್ಲಿ ಚಟುವಟಿಕೆಗೆ ಆದ್ಯತೆ ನೀಡಬೇಕೆಂದು ವಾದಿಸಿದರು. ಸಾಧನವು ಕೆಲಸಕ್ಕೆ ಹೊಂದಿಕೊಂಡರೆ ಜನರು ಅದನ್ನು ಕಲಿತು ರೂಢಿಸಿಕೊಳ್ಳುತ್ತಾರೆ ಎಂಬುದು ಅವರ ನಿಲುವು.

ಕೆ. ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಎರಡೂ ದೃಷ್ಟಿಗಳನ್ನು ಗುರುತಿಸಬಹುದು. ‘ಕ’ ಅಕ್ಷರಕ್ಕೆ ಇಂಗ್ಲಿಷಿನ ‘ಕೆ’ ಕೀಲಿಯನ್ನು ಬಳಸಿರುವುದು ಬಳಕೆದಾರರ ಪರಿಚಯಕ್ಕೆ ಅನುಗುಣವಾಗಿದೆ. ವ್ಯಂಜನದ ನಂತರ ಸ್ವರವನ್ನು ಒತ್ತಿ ಗುಣಿತಾಕ್ಷರ ಪಡೆಯುವ ಕ್ರಮವು ಕನ್ನಡದ ಅಕ್ಷರರಚನೆಯನ್ನು ಅನುಸರಿಸುತ್ತದೆ. ಇದೇ ಕ್ರಮದ ಇನ್‌ಸ್ಕ್ರಿಪ್ಟ್ ವಿನ್ಯಾಸವು ಸ್ವರಗಳನ್ನು ಎಡಕ್ಕೂ ವ್ಯಂಜನಗಳನ್ನು ಬಲಕ್ಕೂ ಇರಿಸುವುದರಿಂದ ಕೀಲಿಗಳ ಸ್ಥಾನವನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಆದರೆ ಕಲಿತ ಸ್ಥಾನಗಳು ಇತರ ಭಾರತೀಯ ಲಿಪಿಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತವೆ.