ಟೈಲ್ಸ್ ಹಾಕಲು ಹೋಗಿ ಇತಿಹಾಸ ಕೆದಕಿದ್ದು

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಮ್ಮನದ್ದು ಒಂದೇ ದೂರು. ಅಡಿಗೆಮನೆ ಪಕ್ಕದ ಕೋಣೆಯ ನೆಲ ಬಿರುಕು ಬಿಟ್ಟಿದೆ, ಇರುವೆ ಏಳುತ್ತಿದೆ. ಮೇಸ್ತ್ರಿಗೆ ಫೋನ್ ಮಾಡಿದರೆ "ಮಳೆಗಾಲ ಕಳೀಲಿ ನೋಡುವ" ಅಂದರು. ಹತ್ತಡಿ ಉದ್ದ, ಎಂಟಡಿ ಅಗಲದ ಪುಟ್ಟ ಕೋಣೆ. ನಾನೇ ಟೈಲ್ಸ್ ಹಾಕಿದರೆ ಹೇಗೆ? ಜೀವಮಾನದಲ್ಲಿ ಕರಣೆ ಹಿಡಿದವನಲ್ಲ ನಾನು! ಅಮ್ಮ ನಕ್ಕರು. ನಾನು ಪೇಟೆಗೆ ಹೋಗಿ ಒಂದಡಿ ಚದರದ ಎಂಬತ್ತು ವಿಟ್ರಿಫೈಡ್ ಟೈಲ್ಸ್ ತಂದೆ. ಒಡೆಯುವುದಕ್ಕೆ ಅಂತ ಹತ್ತು ಹೆಚ್ಚಿಗೆ.

ನನ್ನಂಥವನಿಗೆ ಈ ಧೈರ್ಯ ಎಲ್ಲಿಂದ ಬಂತು ಎಂದು ಯೋಚಿಸುತ್ತಾ ಹೋದರೆ ಅದರ ಹಿಂದೆ ದೊಡ್ಡ ಕಥೆಯೇ ಇದೆ.

ನಮ್ಮ ಕೋಣೆಯದ್ದು ಹಳೆಯ ಕಾವಿ ನೆಲ. ಅದೇ, ಪೇಟೆಯವರು ರೆಡ್ ಆಕ್ಸೈಡ್ ಅನ್ನುತ್ತಾರಲ್ಲ, ಅದು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಎಂಬವನು ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಆ ಸಿಮೆಂಟು ನಮ್ಮ ಊರುಗಳನ್ನು ಮುಟ್ಟಿದ ಮೇಲೆ ಸೆಗಣಿ ಸಾರಿಸಿದ ನೆಲ ಹೋಗಿ ಕಾವಿ ಬಂತು. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಹಸಿ ಇರುವಾಗಲೇ ಕರಣೆಯಲ್ಲಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಬೇಕು. ಒಂದು ಕೋಣೆ ಶುರು ಮಾಡಿದರೆ ನಡುವೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದ ಜಾಗ ಕಲೆಯಾಗಿ ಉಳಿಯುತ್ತದೆ. ಅಂದರೆ ಇಡೀ ನೆಲ ಒಬ್ಬ ಮೇಸ್ತ್ರಿಯ ಕೈಗುಣ.

ಟೈಲ್ಸಿನ ದಾರಿ ಬೇರೆ. ಮೊದಲು ಒದ್ದೆ ಜೇಡಿಯನ್ನು ಅಚ್ಚಿಗೆ ಹಾಕಿ ಒಣಗಿಸಿ ಸುಡುತ್ತಿದ್ದರು. ಒಣಗುವಾಗ ಒಂದು ಕುಗ್ಗುತ್ತದೆ, ಇನ್ನೊಂದು ಸೊಟ್ಟಗಾಗುತ್ತದೆ. ಅದನ್ನು ಹೊಂದಿಸಿ ಕೂರಿಸುವುದು ಪಳಗಿದವನ ಕೆಲಸ. 1840ರಲ್ಲಿ ರಿಚರ್ಡ್ ಪ್ರಾಸರ್ ಎಂಬ ಇಂಗ್ಲಿಷಿನವನು ಹೆಚ್ಚುಕಮ್ಮಿ ಒಣಗಿದ ಜೇಡಿಪುಡಿಯನ್ನೇ ಯಂತ್ರದಲ್ಲಿ ಒತ್ತುವ ವಿಧಾನಕ್ಕೆ ಪೇಟೆಂಟ್ ಪಡೆದ. ಅವನ ಮನಸ್ಸಿನಲ್ಲಿದ್ದದ್ದು ಅಂಗಿಯ ಗುಂಡಿ! ಹರ್ಬರ್ಟ್ ಮಿಂಟನ್ ಅದನ್ನು ಟೈಲ್ಸಿಗೆ ಬಳಸಿದ. ನೀರು ಕಡಿಮೆ, ಆದ್ದರಿಂದ ಕುಗ್ಗುವುದೂ ಕಡಿಮೆ. ಒಂದರಂತೆ ಇನ್ನೊಂದು.

ನಮ್ಮ ಕರಾವಳಿಯಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ. ಮಾಡಿನ ಹೆಂಚಿನ ಜೊತೆ ನೆಲದ ಹೆಂಚೂ ಅಲ್ಲಿಂದ ಬಂತು. 1922ರಲ್ಲಿ ಮುಂಬಯಿಯಲ್ಲಿ ಫಿರೋಜ್‌ಶಾ ಸಿಧ್ವಾ ಅವರು ಸಿಮೆಂಟ್ ಟೈಲ್ಸ್ ಮಾಡುವ ಭಾರತ್ ಟೈಲ್ಸ್ ಕಟ್ಟಿದರು. ಅವನ್ನು ಸುಡುವುದೇ ಇಲ್ಲ, ಒತ್ತಿ ನೀರಿನಲ್ಲಿ ಗಟ್ಟಿ ಮಾಡುತ್ತಾರೆ. ಈಗಂತೂ ನಮ್ಮ ದೇಶದ ಟೈಲ್ಸಿನಲ್ಲಿ ಬಹುಪಾಲು ಗುಜರಾತಿನ ಮೋರ್ಬಿಯದ್ದು.

ಟೈಲ್ಸ್ ಸಮವಾಯಿತು, ಸರಿ. ಕೂರಿಸುವ ಕೆಲಸ ಮಾತ್ರ ಮೇಸ್ತ್ರಿಯ ಕೈಯಲ್ಲೇ ಉಳಿದಿತ್ತು. ಒಂದು, ಒಂದೂವರೆ ಇಂಚು ಸಿಮೆಂಟು-ಮರಳಿನ ಹಾಸಿನ ಮೇಲೆ ಪ್ರತಿಯೊಂದನ್ನೂ ತಟ್ಟಿ ಮಟ್ಟ ಮಾಡಬೇಕು. 1956ರಲ್ಲಿ ಅಮೆರಿಕದ ಹೆನ್ರಿ ರಾಥ್‌ಬರ್ಗ್ ಸಿಮೆಂಟ್ ಗಾರೆಗೆ ರಬ್ಬರಿನ ಲ್ಯಾಟೆಕ್ಸ್ ಬೆರೆಸಿ, ತೆಳುವಾಗಿ ಬಳಿದರೂ ಬಿಗಿಯಾಗಿ ಹಿಡಿಯುವ ಅಂಟು ಮಾಡಿ ಲ್ಯಾಟಿಕ್ರೀಟ್ ಕಂಪನಿ ಶುರು ಮಾಡಿದ. ಇಂದು ನಾವು ಚೀಲದಲ್ಲಿ ಕೊಳ್ಳುವ ಟೈಲ್ಸ್ ಅಂಟು ಅದೇ ಕುಲದ್ದು. ನೀರು ಕಲಸು, ಹಲ್ಲಿನ ಕರಣೆಯಲ್ಲಿ ಗೀರು, ಕೂರಿಸು. ಹೀಗೆ ಮೇಸ್ತ್ರಿಯ ಕಸುಬು ಸ್ವಲ್ಪ ಸ್ವಲ್ಪವಾಗಿ ಕಾರ್ಖಾನೆಗೆ, ಚೀಲಕ್ಕೆ ಹೋಯಿತು. ಅದರ ಫಲವೇ ನನ್ನ ಧೈರ್ಯ.

ಆದರೆ ಚೀಲಕ್ಕೆ ಹೋಗದ ಒಂದು ಕೆಲಸ ಉಳಿದಿದೆ. ಕೆಳಗಿನ ನೆಲ ಸಿದ್ಧ ಮಾಡುವುದು. ನುಣುಪಾದ ಕಾವಿಗೆ ಅಂಟು ಹಿಡಿಯುವುದಿಲ್ಲ. ಉಳಿಯಲ್ಲಿ ಕಚ್ಚು ಹಾಕಿ ಒರಟು ಮಾಡಲೇಬೇಕು. ಎರಡು ದಿನ ಹಾಕಿದೆ, ಅಂಗೈ ಬೊಬ್ಬೆ ಬಂತು. ಕಿಟಕಿ ಪಕ್ಕದ ಮೂಲೆಗೆ ಬಂದಾಗ ಮಾತ್ರ ಕೈ ಏಳಲಿಲ್ಲ. ಅಜ್ಜಿ ಎಲೆಅಡಿಕೆ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದ ಜಾಗ ಅದು. ಅವರು ಕೂತು ಕೂತು ಅಲ್ಲಿ ಹೊಳಪು ಬೇರೆಯೇ ಇತ್ತು. ಹೇಗೂ ಬಿರುಕಿಲ್ಲವಲ್ಲ, ಇರಲಿ ಎಂದು ಒರೆಸಿ ಮೇಲೆಯೇ ಟೈಲ್ಸ್ ಕೂರಿಸಿಬಿಟ್ಟೆ.

ನಾಲ್ಕನೇ ದಿನ ಅಮ್ಮ ಚಮಚದ ಹಿಡಿಯಲ್ಲಿ ಒಂದೊಂದೇ ಟೈಲ್ಸ್ ತಟ್ಟುತ್ತಾ ಬಂದರು. ಎಲ್ಲ ಕಡೆ ಟಕ್ ಟಕ್. ಕಿಟಕಿಯ ಮೂಲೆಯ ಮೂರು ಮಾತ್ರ ಡಬ್ ಡಬ್. ಟೊಳ್ಳು! ಕರಣೆ ತುದಿ ಹಾಕಿದ್ದೇ ತಡ, ಮೂರೂ ಹಪ್ಪಳದಂತೆ ಇಡಿಯಾಗಿ ಎದ್ದು ಬಂದವು. ಕೆಳಗೆ ಕಾವಿ ಹಾಗೇ ಹೊಳೆಯುತ್ತಿತ್ತು, ಒಂದು ಗೀರೂ ಇಲ್ಲ. ಆ ನೆಲ ಹಾಕಿದ ಮೇಸ್ತ್ರಿಯ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ.

"ಕಚ್ಚು ಹಾಕಿ ಮತ್ತೆ ಕೂರಿಸ್ತೀಯಾ?" ಅಂತ ಅಮ್ಮ ಕೇಳಿದರು. ನಾನು ಸುಮ್ಮನೆ ಅಂಚಿಗೆ ಗ್ರೌಟ್ ತುಂಬಿದೆ. ಆ ಮೂರು ಅಡಿ ಜಾಗ ಹಾಗೇ ಇದೆ, ಉಳಿದ ನೆಲಕ್ಕಿಂತ ಅರ್ಧ ಇಂಚು ತಗ್ಗಿನಲ್ಲಿ. ನೋಡಿದವರೆಲ್ಲ "ಟೈಲ್ಸ್ ಸಾಲದೇ ಹೋಯಿತಾ?" ಅಂತ ಕೇಳುತ್ತಾರೆ. ಹ್ಞೂಂ ಅನ್ನುತ್ತೇನೆ. ಹೆಚ್ಚಿಗೆ ತಂದ ಟೈಲ್ಸ್ ಅಟ್ಟದಲ್ಲಿದೆ.

ನಿಮ್ಮ ಮನೆಯ ಟೈಲ್ಸಿನ ಅಡಿಯಲ್ಲಿ ಯಾವ ನೆಲ ಇದೆ? ಒಮ್ಮೆ ಅಮ್ಮನನ್ನು ಕೇಳಿ ನೋಡಿ.