ಪಾರ್ಕಿಂಗಿನಲ್ಲಿ ಪನ್ಹಾಳ, ನಲ್ಲಿ ಬುಡದಲ್ಲಿ ಬಿದನೂರು

ಪುಣೆಗೆ ಬಂದ ಮೊದಲ ವರ್ಷ. ದೀಪಾವಳಿಗೆ ಇನ್ನು ನಾಲ್ಕು ದಿನ ಇದೆ ಅನ್ನುವಾಗ ಆಫೀಸಿನಿಂದ ಬಂದು ನೋಡಿದರೆ ನಮ್ಮ ಕಟ್ಟಡದ ಗೇಟಿನ ಪಕ್ಕ ಮಣ್ಣಿನ ಗುಡ್ಡೆ, ಇಟ್ಟಿಗೆ ಚೂರು, ಹರಿದ ಗೋಣಿಚೀಲ. ಪೈಪು ಒಡೆದಿದೆ, ಕಾರ್ಪೊರೇಷನ್ನಿನವರು ಅಗೆದಿದ್ದಾರೆ ಅಂದುಕೊಂಡೆ. ಮೊಣಕೈವರೆಗೆ ಕೆಸರು ಮೆತ್ತಿಕೊಂಡಿದ್ದ ಹುಡುಗನೊಬ್ಬ "ಕಾಕಾ, ಕಿಲ್ಲಾ ಆಹೇ, ಪಾಯ ದೇಊ ನಕಾ" ಎಂದು ಗದರಿಸಿದ. ಕೋಟೆ ಇದು, ಕಾಲಿಡಬೇಡಿ! ಅಷ್ಟು ಮರಾಠಿ ಆಗಲೇ ತಿಳಿಯುತ್ತಿತ್ತು.

ನಮ್ಮ ಸಾಗರದ ಕಡೆ ದೀಪಾವಳಿ ಅಂದರೆ ದೊಡ್ಡಹಬ್ಬ. ಬಲೀಂದ್ರನ ಪೂಜೆ, ದನಗಳ ಕೊರಳಿಗೆ ಅಡಿಕೆ, ಚಂಡುಹೂವಿನ ಮಾಲೆ. ಇಲ್ಲಿ ದನ ಎಲ್ಲಿಂದ ತರೋಣ? ಇಲ್ಲಿಯ ಮಕ್ಕಳಿಗೆ ದೀಪಾವಳಿ ಅಂದರೆ ಮಣ್ಣಿನ ಕೋಟೆ. ಕಲ್ಲು ಇಟ್ಟಿಗೆ ಪೇರಿಸಿ ಬೆಟ್ಟದ ಆಕಾರ ಮಾಡುತ್ತಾರೆ. ಅದರ ಮೇಲೆ ಗೋಣಿಚೀಲ ಹೊದಿಸಿ, ಕೆಮ್ಮಣ್ಣನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಬಳಿಯುತ್ತಾರೆ. ಹಸಿ ಇರುವಾಗಲೇ ಸಾಸಿವೆ ಅಥವಾ ಇಲ್ಲಿಯವರು ಅಳೀವ್ ಅನ್ನುವ ಬೀಜ ಉದುರಿಸಿದರೆ ಹಬ್ಬದ ಹೊತ್ತಿಗೆ ಬೆಟ್ಟ ಹಸಿರಾಗುತ್ತದೆ. ಆಮೇಲೆ ಬುರುಜು, ಮಹಾದ್ವಾರ, ಕೆರೆ. ಕಸಬಾ ಪೇಟೆಯ ಕುಂಬಾರವಾಡೆಯಿಂದ ತಂದ ಮಾವಳೆಗಳು, ಅಂದರೆ ಶಿವಾಜಿಯ ಕಾಲಾಳುಗಳು, ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲುತ್ತಾರೆ. ತುದಿಯಲ್ಲಿ ಸಿಂಹಾಸನದ ಮೇಲೆ ಮಹಾರಾಜರು. ಮಾವಳೆ ಬಾಗಿಲಿಗಿಂತ ಎತ್ತರ ಇದ್ದರೂ ಯಾರೂ ತಕರಾರು ಮಾಡುವುದಿಲ್ಲ.

ಈ ಪದ್ಧತಿಗೆ ಶಾಸ್ತ್ರದ ಆಧಾರ ಹುಡುಕಬೇಕಾಗಿಲ್ಲ. ಮಳೆ ನಿಂತಿರುತ್ತದೆ, ಮಣ್ಣು ಮೆತ್ತಗಿರುತ್ತದೆ, ಶಾಲೆಗೆ ರಜೆ. ಹಿಂದೆ ದಸರೆಯ ದಿನ ಸೀಮೋಲ್ಲಂಘನ ಮಾಡಿ ದಂಡು ಹೊರಡುತ್ತಿದ್ದ ನಾಡು ಬೇರೆ. ಇನ್ನು ಮಹಾರಾಷ್ಟ್ರದ ಶಾಲೆಯಲ್ಲಿ ನಾಲ್ಕನೇ ತರಗತಿಯ ಇತಿಹಾಸವೆಂದರೆ ಇಡೀ ವರ್ಷ ಶಿವಾಜಿಯೇ. ಓದಿದ್ದನ್ನು ಕೈಯಾರೆ ಕಟ್ಟುತ್ತಾರೆ. ನನ್ನ ಮಗನೂ ಕಟ್ಟಿದ. ಮೊದಲ ವರ್ಷ ಮಣ್ಣು ಹೊರುವ ಕೂಲಿ, ಮೂರನೇ ವರ್ಷಕ್ಕೆ ಮೇಸ್ತ್ರಿ. ನಾವಿಬ್ಬರೂ ಸೀರೆ ಪಂಚೆ ಎತ್ತಿಕಟ್ಟಿ ಕೆಸರು ಕಲಸಲು ಕೂತೆವು. ಪ್ರತಿ ವರ್ಷ ಅದೇ ಆಯಿತು.

2003ರಲ್ಲಿ ಊರಿನಿಂದ ಅಪ್ಪಯ್ಯ ಬಂದಿದ್ದರು. ಆ ವರ್ಷ ಹುಡುಗರು ಪನ್ಹಾಳ ಕಟ್ಟುತ್ತಿದ್ದರು. ಮಗ ಅಜ್ಜನ ಕೈ ಹಿಡಿದು ತೋರಿಸಿದ. "ಅಜ್ಜಾ, ಇದು ನಮ್ಮ ಮಹಾರಾಜರ ಕೋಟೆ."

"ಯಾರ ಮಹಾರಾಜರೋ?" ಅಂದರು ಅಪ್ಪಯ್ಯ. "ನಮ್ಮ ಬಸರೂರನ್ನ ದೋಚಿಕೊಂಡು ಹೋದೋರು ಇವರೇ ಅಲ್ವೇನೋ?"

ಮಾತು ಸುಳ್ಳಲ್ಲ. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗು ಕಟ್ಟಿಕೊಂಡು ಬಂದು ಬಸರೂರನ್ನು ಲೂಟಿ ಮಾಡಿದ್ದ. ಆಗ ಅದು ಕೆಳದಿ ಅರಸರ ಬಂದರು. ಆದರೆ ಕೆಸರು ಕೈಯ ಒಂಬತ್ತು ವರ್ಷದ ಹುಡುಗನಿಗೆ ಹೇಳುವ ಹೊತ್ತೇ ಅದು? ಮಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನನಗೆ ಇಬ್ಬರ ಮೇಲೂ ಸಿಟ್ಟು. ಅಪ್ಪಯ್ಯನ ಮೇಲೆ ಆಡಿದ್ದಕ್ಕೆ. ಮಗನ ಮೇಲೆ ಯಾಕೆಂದು ಬಾಯಿಬಿಟ್ಟು ಹೇಳುವುದು ಕಷ್ಟ: ಆ 'ನಮ್ಮ' ಅನ್ನುವ ಮಾತು ನನಗೂ ಚುಚ್ಚಿತ್ತು. ಮನೆಯಲ್ಲಿ ಕನ್ನಡವೇ ಆಡಬೇಕು ಅಂತ ನಿಯಮ ಮಾಡಿದವನು ನಾನು. ಅವನ ಕನಸಿನಲ್ಲಿ ಯಾವ ರಾಜರು ಬರಬೇಕು ಅಂತ ನಿಯಮ ಮಾಡಲು ಬರುತ್ತದೆಯೇ?

ರಾತ್ರಿ ಅಪ್ಪಯ್ಯನೇ ಮೊಮ್ಮಗನನ್ನು ಕರೆದು ಕೂರಿಸಿಕೊಂಡರು. ಪೂರ್ತಿ ಕಥೆ ಆಗ ಬಂತು.

1689ರ ಮಾರ್ಚಿಯಲ್ಲಿ ಔರಂಗಜೇಬ ಸಂಭಾಜಿಯನ್ನು ಕೊಲ್ಲಿಸಿದ. ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಅವನ ಕೈಸೇರಿ ಆಗಿತ್ತು. ರಾಯಗಡಕ್ಕೆ ಮುತ್ತಿಗೆ ಬಿತ್ತು. ಶಿವಾಜಿಯ ಕಿರಿಮಗ ರಾಜಾರಾಮನಿಗೆ 19 ವರ್ಷ. ಸೆಪ್ಟೆಂಬರಿನಲ್ಲಿ ಆತ ಇದೇ ಪನ್ಹಾಳದಿಂದ ಕೆಲವೇ ಜನರೊಂದಿಗೆ ವೇಷ ಮರೆಸಿಕೊಂಡು ಹೊರಟ. ಸೇರಬೇಕಾದದ್ದು ತಮಿಳುನಾಡಿನ ಜಿಂಜಿ, 1677ರಲ್ಲಿ ಅಪ್ಪ ಗೆದ್ದಿಟ್ಟ ಕೋಟೆ. ಹಿಂದೆ ಮೊಗಲರ ಕುದುರೆಗಳು. ದಾರಿಯಲ್ಲಿ ಕೆಳದಿ ರಾಜ್ಯ, ರಾಜಧಾನಿ ಬಿದನೂರು. ಆಳುತ್ತಿದ್ದವಳು ರಾಣಿ ಚೆನ್ನಮ್ಮಾಜಿ. ಬಂದವನಿಗೆ ಆಶ್ರಯ ಕೊಟ್ಟು, ಮುಂದಕ್ಕೆ ದಾಟಿಸಿದಳು. ಸಿಟ್ಟಾದ ಔರಂಗಜೇಬ ಕೆಳದಿಯ ಮೇಲೂ ಸೈನ್ಯ ಕಳಿಸಿದ. ಅವಳು ಕಾದಾಡಿದಳು, ಕೊನೆಗೆ ಒಪ್ಪಂದವಾಯಿತು. ರಾಜಾರಾಮ ಬೆಂಗಳೂರು, ವೇಲೂರಿನ ದಾರಿಯಲ್ಲಿ ಜಿಂಜಿ ಮುಟ್ಟಿದ. ಅಲ್ಲಿ 1690ರಿಂದ 1698ರವರೆಗೆ ಮುತ್ತಿಗೆ ನಡೆಯಿತು. ಕೋಟೆ ಬಿತ್ತು, ಆತ ಮಾತ್ರ ಅಲ್ಲಿಂದಲೂ ತಪ್ಪಿಸಿಕೊಂಡ.

"ಬಸರೂರು ದೋಚಿದ್ರಲ್ಲ ಅಜ್ಜಾ, ಮತ್ತೆ ಯಾಕೆ ಕಾಪಾಡಿದ್ಲು?"

"ಬಾಗಿಲಿಗೆ ಬಂದ ಹುಡುಗನ ಹತ್ತಿರ ಅವರಪ್ಪನ ಸಾಲ ಕೇಳ್ತಾರೇನೋ?"

ನನ್ನನ್ನು ಕೇಳಿದರೆ ಅದೊಂದೇ ಕಾರಣವಲ್ಲ. ಬಿಜಾಪುರ, ಗೋಲ್ಕೊಂಡದ ನಂತರ ಸರದಿ ಯಾರದ್ದು ಅನ್ನುವುದು ರಾಣಿಗೆ ತಿಳಿಯದ್ದೇನಲ್ಲ. ಮರಾಠರು ಉಳಿದರೆ ಮೊಗಲರಿಗೆ ಕೈತುಂಬ ಕೆಲಸ. ಆದರೆ ಲೆಕ್ಕ ಹಾಕಿದವರೆಲ್ಲ ಧೈರ್ಯ ಮಾಡುವುದಿಲ್ಲ. ಅದನ್ನು ಆ ರಾತ್ರಿ ನಾನು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಹುಡುಗರ ಸಭೆ ಸೇರಿತು. ಗೇಟಿನ ಪಕ್ಕದ ಪನ್ಹಾಳ ಸಾಲದು, ಜಿಂಜಿವರೆಗೆ ದಾರಿ ಬೇಕು ಎಂದು ತೀರ್ಮಾನ. ನಲ್ಲಿ ಬುಡದಲ್ಲಿ ಬಿದನೂರು, ವಾಚ್‌ಮನ್ ಕುರ್ಚಿಯ ಹತ್ತಿರ ಬೆಂಗಳೂರು, ದೂರ ಇರಬೇಕೆಂದು ಮೀಟರ್ ಬೋರ್ಡಿನ ಕೆಳಗೆ ಜಿಂಜಿ. ನಡುವೆ ರಂಗೋಲಿ ಪುಡಿಯ ಗೆರೆ. ಚೆನ್ನಮ್ಮನ ಗೊಂಬೆ ಪೇಟೆಯಲ್ಲಿ ಸಿಗಲಿಲ್ಲ. ತರಕಾರಿ ಮಾರುವವಳ ಗೊಂಬೆಯ ತಲೆಯ ಬುಟ್ಟಿ ಕಿತ್ತು ನನ್ನ ಹೆಂಡತಿ ಅದಕ್ಕೊಂದು ಜರಿ ಚೂರು ಸುತ್ತಿದಳು.

ಅಪ್ಪಯ್ಯ ಒಂದು ಷರತ್ತು ಹಾಕಿದರು. "ಬಸರೂರಿಲ್ಲದೆ ಬಿದನೂರು ಇಡೋದು ಬೇಡ." ಮಗ ಒಪ್ಪಲಿಲ್ಲ, ಗೆಳೆಯರೂ ಮುಖ ಹುಳಿ ಮಾಡಿದರು. ಮೇಲಿನ ಮಹಡಿಯ ನಿವೃತ್ತ ಮರಾಠಿ ಮೇಷ್ಟ್ರು ಗಲಾಟೆ ಕೇಳಿ ಇಳಿದು ಬಂದರು. ಅವರಿಗೆ ಕನ್ನಡ ಬಾರದು, ಅಪ್ಪಯ್ಯನಿಗೆ ಮರಾಠಿ ಬಾರದು. ಹರಕು ಹಿಂದಿಯಲ್ಲಿ ಅರ್ಧ ಗಂಟೆ ಮಾತು. ರಾಣಿಯ ಸಂಗತಿ ಅವರಿಗೆ ಮೊದಲೇ ಗೊತ್ತಿತ್ತು. ಬಸರೂರಿನದೂ ಗೊತ್ತಿತ್ತು, ಆದರೆ ಅದನ್ನು ಲೂಟಿ ಅನ್ನಲು ಅವರಿಗೆ ಮನಸ್ಸಿಲ್ಲ, 'ಮೊಹಿಮೆ' ಅನ್ನೋಣ ಅಂದರು. ಅಪ್ಪಯ್ಯ ಬಗ್ಗಲಿಲ್ಲ. ಕೊನೆಗೆ ಒಂದು ಬಕೆಟ್ ನೀರಿಟ್ಟು, ಅದರಲ್ಲಿ ಕಾಗದದ ದೋಣಿ ಬಿಟ್ಟು, 'ಬಸರೂರು, 1665' ಅಂತ ಮಾತ್ರ ಚೀಟಿ ಅಂಟಿಸಿದರು. ಸಂಜೆ ಮೇಷ್ಟ್ರ ಮನೆಯಿಂದ ಚಕ್ಕುಲಿ ಬಂತು.

ಪನ್ಹಾಳ ಕಟ್ಟಿಸಿದವನು ಕೊಲ್ಹಾಪುರದ ಶಿಲಾಹಾರ ದೊರೆ ಎರಡನೇ ಭೋಜ, ಆ ಮನೆತನದ ಅನೇಕ ಶಾಸನಗಳು ಕನ್ನಡದಲ್ಲೇ ಇವೆ ಎಂದು ನಾನೂ ನಡುವೆ ಬಾಯಿ ಹಾಕಿದೆ. ಯಾರೂ ಕಿವಿಗೊಡಲಿಲ್ಲ. ಮಾವಳೆಗಳನ್ನು ನಿಲ್ಲಿಸುವ ಅವಸರ ಅವರಿಗೆ.

ಸ್ಪರ್ಧೆಯ ತೀರ್ಪುಗಾರರು ಬಂದಾಗ ಮಗ ಬಿದನೂರಿನ ಮುಂದೆ ನಿಂತು ಚೆನ್ನಮ್ಮನ ಕಥೆಯನ್ನು ಮರಾಠಿಯಲ್ಲಿ ಹೇಳಿದ. ನಡುವೆ ಒಮ್ಮೆ ತಡವರಿಸಿ ಅಜ್ಜನ ಕಡೆ ತಿರುಗಿ ಕನ್ನಡದಲ್ಲಿ ಕೇಳಿಕೊಂಡ. ಬಹುಮಾನ ಬರಲಿಲ್ಲ. ಪಕ್ಕದ ಬೀದಿಯವರು ನಿಜವಾದ ನೀರು ನಿಲ್ಲಿಸಿ, ಬಲ್ಬು ಹಾಕಿ ಕಟ್ಟಿದ್ದ ಜಂಜೀರಾಕ್ಕೆ ಹೋಯಿತು. ನ್ಯಾಯವೇ ಅನ್ನಿ. ನಮ್ಮ ಬಿದನೂರು ನಲ್ಲಿ ಹನಿಗೆ ಎರಡೇ ದಿನದಲ್ಲಿ ಕುಸಿದಿತ್ತು. ಜಿಂಜಿ ಮಾತ್ರ ತುಳಸಿ ಮದುವೆಯವರೆಗೂ ನಿಂತಿತ್ತು.

ಅಪ್ಪಯ್ಯ ಈಗಿಲ್ಲ. ಮಗ ಚೆನ್ನೈಯಲ್ಲಿ ಕೆಲಸದಲ್ಲಿದ್ದಾನೆ. 2025ರ ಜುಲೈಯಲ್ಲಿ ಯುನೆಸ್ಕೊ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹನ್ನೊಂದು ಮಹಾರಾಷ್ಟ್ರದವು, ಪನ್ಹಾಳವೂ ಅದರಲ್ಲಿದೆ. ಹನ್ನೆರಡನೆಯದು ಜಿಂಜಿ. ಅವತ್ತು ರಾತ್ರಿ ಮಗ ಫೋನ್ ಮಾಡಿದ.

"ಅಪ್ಪಾ, ಗೇಟಿಗೂ ಸಿಕ್ತು, ಮೀಟರ್ ಬೋರ್ಡಿಗೂ ಸಿಕ್ತು. ನಲ್ಲಿ ಬುಡ ಒಂದು ಬಿಟ್ಟುಬಿಟ್ರು ನೋಡು."