ಗಳಗಂಡದ ಎರಡು ಚರಿತ್ರೆಗಳು

ಕಳಸ, ಮೂಡಿಗೆರೆಗಳ ಕಡೆಯ ಹಿರಿಯರಿಗೆ ಕತ್ತಿನ ಬಾವು ಅಪರಿಚಿತವಾದುದಲ್ಲ. ಸುಶ್ರುತಸಂಹಿತೆಯಲ್ಲಿ ಗಳಗಂಡವೆಂದು ಹೇಳಿರುವ ವ್ಯಾಧಿಯೇ ಇದು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯು ತನ್ನ ರಸವನ್ನು ಸಿದ್ಧಪಡಿಸಲು ಅಯೋಡಿನ್ ಅವಶ್ಯಕ. ಮಲೆನಾಡಿನ ಬಿರುಮಳೆಯು ಮಣ್ಣಿನ ಅಯೋಡಿನ್ನನ್ನು ತೊಳೆದೊಯ್ಯುವುದರಿಂದ ಅಲ್ಲಿ ಬೆಳೆದ ಆಹಾರದಲ್ಲಿ ಅದು ಸಾಲದು. ಆಗ ಗ್ರಂಥಿಯು ಅತಿಯಾಗಿ ಶ್ರಮಿಸಿ ದಪ್ಪನಾಗುವುದು. 1962ರಲ್ಲಿ ಭಾರತ ಸರಕಾರವು ಗಳಗಂಡ ನಿಯಂತ್ರಣಕ್ಕೆ ತೊಡಗಿತು. ಕರ್ಣಾಟಕದಲ್ಲಿ ಈ ಬಾಧೆಯುಳ್ಳವೆಂದು ಗುರುತಿಸಲ್ಪಟ್ಟ ಜಿಲ್ಲೆಗಳಲ್ಲಿ ನಮ್ಮ ಚಿಕ್ಕಮಗಳೂರೂ ಸೇರಿತು. ಅಯೋಡಿನ್ ಬೆರೆಸಿದ ಉಪ್ಪು ಮನೆಮನೆಗೆ ಬಂದುದು ಈ ಕಾರಣದಿಂದಲೇ.

ಇದೇ ಗ್ರಂಥಿಗೆ ಸಂಬಂಧಿಸಿದ ಎರಡನೆಯ ಚರಿತ್ರೆಯು ದೂರದ ಆಸ್ಟ್ರೇಲಿಯಾದಲ್ಲಿ ಮೊದಲಾಯಿತು. ಉನ್ಮಾದವೂ ವಿಷಾದವೂ ಸರದಿಯಂತೆ ಬಂದು ಕಾಡುವ ಮನೋವ್ಯಾಧಿಗೆ ಲಿಥಿಯಂ ಲವಣವು ಔಷಧವಾಗಬಲ್ಲುದೆಂದು ವೈದ್ಯ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದರು. ಅವರ ಮೊದಲ ರೋಗಿಯು ಚೇತರಿಸಿಕೊಂಡು ಮನೆಗೆ ಮರಳಿ, ಔಷಧವನ್ನು ಬಿಟ್ಟು, ಮತ್ತೆ ರೋಗಕ್ಕೀಡಾದನು. ಕಡೆಗೆ 1950ರಲ್ಲಿ ಲಿಥಿಯಂ ದೇಹದಲ್ಲಿ ಮಿತಿಮೀರಿ ಮೃತನಾದನು. ಬಿಟ್ಟರೂ ಕೇಡು, ಮೀರಿದರೂ ಕೇಡು ಎಂಬ ಪಾಠವು ಹೀಗೆ ಆರಂಭದಲ್ಲಿಯೇ ದೊರೆಯಿತು. 1968ರಲ್ಲಿ ಡೆನ್ಮಾರ್ಕಿನ ಮೋಗೆನ್ಸ್ ಷೌ ಮತ್ತು ಅವರ ಸಹೋದ್ಯೋಗಿಗಳು, ಲಿಥಿಯಂ ಸೇವಿಸುತ್ತಿದ್ದ 330 ಮಂದಿಯಲ್ಲಿ 12 ಮಂದಿಗೆ ಗಳಗಂಡವುಂಟಾದುದನ್ನು ವರದಿಮಾಡಿದರು. ಗ್ರಂಥಿಯ ರಸವು ರಕ್ತಕ್ಕೆ ಇಳಿಯುವುದನ್ನು ಲಿಥಿಯಂ ತಡೆಯುವುದೇ ಇದಕ್ಕೆ ಮುಖ್ಯ ಕಾರಣ.

ನಮ್ಮ ಗೃಹಸ್ಥರು ಗಮನಿಸಬೇಕಾದುದು ಇಲ್ಲಿಯೇ. ಲಿಥಿಯಂ ಸೇವಿಸುವವರ ಕತ್ತು ಉಬ್ಬಿದರೆ, ಇದು ನಮ್ಮ ಸೀಮೆಯ ಹಳೆಯ ಬಾವೆಂದು ಬಗೆದು ಉಪ್ಪನ್ನು ಹೆಚ್ಚಿಸುವುದು ತಪ್ಪು. ಉಪ್ಪನ್ನು ಹೆಚ್ಚಿಸಿದರೆ ರಕ್ತದಲ್ಲಿ ಲಿಥಿಯಂ ಇಳಿಯುವುದು. ಏಕಾಏಕಿ ತಗ್ಗಿಸಿದರೆ ಅಪಾಯಕರವಾಗಿ ಏರುವುದು. ಇನ್ನು ಕೆಲವರಿಗೆ, ವಿಶೇಷವಾಗಿ ಸ್ತ್ರೀಯರಿಗೆ, ಬಾವು ಕಾಣದೆಯೇ ರಸವು ಕುಗ್ಗಿ ಆಲಸ್ಯ, ಚಳಿ, ಮೈಭಾರ, ಮಂಕುತನಗಳು ತಲೆದೋರುವುವು. ಮನೆಯವರು ಅದನ್ನು ವಿಷಾದವು ಮರಳಿತೆಂದೋ ಸೋಮಾರಿತನವೆಂದೋ ತಿಳಿದು ರೋಗಿಯನ್ನು ನೋಯಿಸುವುದುಂಟು. ಔಷಧವೇ ವಿಷವಾಯಿತೆಂದು ತಾವಾಗಿಯೇ ನಿಲ್ಲಿಸಿಬಿಡುವುದು ಅದಕ್ಕಿಂತಲೂ ದೊಡ್ಡ ಪ್ರಮಾದ.

ಸುಮಾರು ಆರು ತಿಂಗಳಿಗೊಮ್ಮೆ ರಕ್ತವನ್ನು ಪರೀಕ್ಷಿಸಿದರೆ ಈ ಕೊರತೆಯು ತಿಳಿದುಬರುವುದು. ವೈದ್ಯರು ಥೈರಾಕ್ಸಿನ್ ಮಾತ್ರೆಯನ್ನು ಕೊಟ್ಟು ಅದನ್ನು ತುಂಬಬಲ್ಲರು. ಸಾಮಾನ್ಯವಾಗಿ ಲಿಥಿಯಮ್ಮನ್ನು ಬಿಡಬೇಕಾಗುವುದಿಲ್ಲ. ಬಾವು ಒಂದೇ ತೆರನಾಗಿ ಕಂಡರೂ ಅದರ ಮೂಲವು ಎರಡಾಗಿರಬಹುದೆಂಬುದನ್ನು ಈ ಚರಿತ್ರೆಯಿಂದ ನಾವು ಅರಿತರೆ, ಎಷ್ಟೋ ಮನೆಗಳಲ್ಲಿ ಅನಗತ್ಯವಾದ ದುಃಖವು ತಪ್ಪೀತು.